ಹಂಪಿಗೆ ಹೋದಾಗ ತಲೆಯೆತ್ತಿ ನೋಡಿ!

ಹಂಪಿ ನೋಡದ ಕನ್ನಡತಿ ಯಾರಿದ್ದಾರೆ ಹೇಳಿ? ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ಮಕ್ಕಳ ರಜೆಯಲ್ಲೋ ಒಂದು ಸಲವಾದರೂ ಹೋಗಿಯೇ ಇರುತ್ತೇವೆ. ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಸಾಸಿವೆಕಾಳು ಗಣಪತಿಗೆ ಕೈ ಮುಗಿದು, ವಿರೂಪಾಕ್ಷನ ದರ್ಶನ ಮಾಡಿ, ತಂದ ಬುತ್ತಿ ಬಿಚ್ಚಿ ಊಟ ಮಾಡಿ ಸಂಜೆಯ ಬಸ್ಸಿಗೆ ಊರಿಗೆ ವಾಪಸು. "ಯಾರು ಕಟ್ಟಿಸಿದ್ದು?" ಅಂತ ಮಕ್ಕಳು ಕೇಳಿದರೆ "ಕೃಷ್ಣದೇವರಾಯ" ಅಂತ ಥಟ್ಟನೆ ಹೇಳುತ್ತೇವೆ. "ಕೆತ್ತಿದ್ದು ಯಾರು? ಬಣ್ಣ ಬರೆದದ್ದು ಯಾರು?" ಅಂತ ಅದೇ ಮಗು ಕೇಳಿದರೆ? ಆಗ ನಮ್ಮ ಬಾಯಿ ಕಟ್ಟಿಹೋಗುತ್ತದೆ.

ಮನೆಯಲ್ಲೂ ಇದೇ ಕಥೆ ಅಲ್ಲವೇ? ಹಬ್ಬದ ಊಟ ಉಂಡವರೆಲ್ಲ "ಅವರ ಮನೆ ಊಟ ಚೆನ್ನಾಗಿತ್ತು" ಎನ್ನುತ್ತಾರೆ, ಒಲೆಯ ಮುಂದೆ ನಿಂತವಳ ಹೆಸರು ಹೇಳುವವರು ಕಡಿಮೆ. ಅದಕ್ಕೇ ಈ ಸಲ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿ ಬರುವಾಗ ರಾಜರನ್ನು ಸ್ವಲ್ಪ ಪಕ್ಕಕ್ಕಿಟ್ಟು, ಕೈಯಿಂದ ಕೆಲಸ ಮಾಡಿದವರನ್ನೇ ಹುಡುಕೋಣ ಅಂತ ಹೊರಟದ್ದು. ನೀವೂ ಜೊತೆಗೆ ಬನ್ನಿ.

ಹೊಸಪೇಟೆಯಿಂದ ಶುರು

ಹೊಸಪೇಟೆಗೆ ಈಗ ಜಿಲ್ಲಾ ಕೇಂದ್ರದ ಗತ್ತು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆದ ಮೇಲೆ ಊರು ಇನ್ನಷ್ಟು ಗಿಜಿಗುಡುತ್ತಿದೆ. ಆದರೆ ಈ ಊರು ಹುಟ್ಟಿದ್ದು ಕೃಷ್ಣದೇವರಾಯನ ಕಾಲದಲ್ಲಿ, ನಾಗಲಾಪುರ ಎಂಬ ಹೆಸರಿನಲ್ಲಿ. ಒಬ್ಬ ಹೆಣ್ಣುಮಗಳ ನೆನಪಿಗೆ ಕಟ್ಟಿಸಿದ ಊರು ಇದು. ಹೆಣ್ಣಿನ ಹೆಸರು ಹೋಗಿ ಬರೀ 'ಹೊಸ ಪೇಟೆ' ಉಳಿಯಿತು ನೋಡಿ!

ಇಲ್ಲಿಂದ ಹಂಪಿ 13 ಕಿಲೋಮೀಟರು. ಬಸ್ಸು ಬೇಕಾದಷ್ಟಿವೆ. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು, ಮಧ್ಯಾಹ್ನದ ಬಂಡೆಯ ಕಾವು ತಡೆಯಲಾಗದು. ಇನ್ನೊಂದು ಮಾತು. ಕೈಚೀಲದಲ್ಲಿ ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಿರೂಪಾಕ್ಷನ ಮಂಟಪದ ಸೂರು

ವಿರೂಪಾಕ್ಷ ದೇವಸ್ಥಾನದ ಮಹಾರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ. ಆ ವಿಷಯ ಹೇಳುವ 1510ರ ಶಾಸನ ಮಂಟಪದ ಎದುರಿನಲ್ಲೇ ಇದೆ. ಜನ ಈ ಮಂಟಪ ಹಾದು ಸರಸರ ಗರ್ಭಗುಡಿಗೆ ಹೋಗಿಬಿಡುತ್ತಾರೆ. ಎಲ್ಲರ ಕಣ್ಣೂ ಮುಂದೆ. ಯಾರಾದರೂ ನಿಂತು ಮೇಲೆ ನೋಡುತ್ತಾರೆಯೇ? ಅಪರೂಪ.

ಮೇಲೆ, ಸೂರಿನ ಮೇಲೆ ಒಂದು ದೊಡ್ಡ ಲೋಕವೇ ಇದೆ! ಕಲ್ಲಿನ ಚಪ್ಪಡಿಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಬಣ್ಣದಲ್ಲಿ ಬರೆದ ಚಿತ್ರಗಳು. ಒಂದು ಕಡೆ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಕುಳಿತು ಮೆರವಣಿಗೆ ಹೊರಟಿದ್ದಾರೆ. ಹಿಂದೆ ಮುಂದೆ ಆನೆ, ಕುದುರೆ, ವಾದ್ಯದವರು, ಆಳುಗಳು. ಇನ್ನೊಂದು ಕಡೆ ಅರ್ಜುನ ಬಿಲ್ಲು ಎತ್ತಿ ಮತ್ಸ್ಯಯಂತ್ರ ಭೇದಿಸುತ್ತಿದ್ದಾನೆ. ತಪಸ್ಸಿಗೆ ಕೂತ ಶಿವನ ಮೇಲೆ ಮನ್ಮಥ ಹೂಬಾಣ ಬಿಡುತ್ತಿದ್ದಾನೆ. ಶಿವ ರಥವೇರಿ ತ್ರಿಪುರ ಸುಡಲು ಹೊರಟಿದ್ದಾನೆ. ಶಿವಪಾರ್ವತಿಯರ ಮದುವೆ, ಸೀತಾರಾಮರ ಮದುವೆ, ದಶಾವತಾರ, ದಿಕ್ಪಾಲಕರು ಎಲ್ಲ ಉಂಟು.

ಹಂಪಿಯಲ್ಲಿ ಪಂಪಾದೇವಿಗೂ ವಿರೂಪಾಕ್ಷನಿಗೂ ಪ್ರತಿವರ್ಷ ಮದುವೆ ನಡೆಯುತ್ತದೆ, ಗೊತ್ತಲ್ಲ? ಮೊದಲು ಚಳಿಗಾಲದಲ್ಲಿ ಫಲಪೂಜೆ, ಅಂದರೆ ನಿಶ್ಚಿತಾರ್ಥ. ಆಮೇಲೆ ಚೈತ್ರದ ಹೊತ್ತಿಗೆ ಕಲ್ಯಾಣೋತ್ಸವ, ರಥೋತ್ಸವ. ಆ ಮದುವೆ ಮನೆಯ ಸಡಗರವೇ ಸೂರಿನ ಮೇಲೂ ಹರಡಿದ ಹಾಗಿದೆ. ಮದುವೆಯ ಚಿತ್ರಗಳಲ್ಲಿ ಹೆಂಗಸರ ಸೀರೆ, ಒಡವೆ, ಜಡೆ ಒಂದೊಂದನ್ನೂ ನಿಧಾನವಾಗಿ ನೋಡಿ. ಮುಖ ಒಂದೇ ಪಕ್ಕಕ್ಕೆ ತಿರುಗಿರುತ್ತದೆ, ಮೂಗು ಚೂಪು, ಕಣ್ಣು ಉದ್ದ. ಕಪ್ಪು ಗೆರೆಯಲ್ಲಿ ಮೊದಲು ಆಕಾರ, ಒಳಗೆ ಬಣ್ಣ.

ಈಗ ಕನ್ನಡಿ ತೆಗೆಯಿರಿ. ಅಂಗೈಯಲ್ಲಿ ಮೇಲ್ಮುಖವಾಗಿ ಹಿಡಿದು ಅದರೊಳಗೆ ನೋಡಿ. ಕತ್ತು ನೋಯಿಸಿಕೊಳ್ಳದೆ ಸೂರಿನ ಚಿತ್ರ ನಿಮ್ಮ ಕೈಯೊಳಗೇ ಬಂದು ಕೂರುತ್ತದೆ! ಮಕ್ಕಳಿಗಂತೂ ಇದು ಒಂದು ಆಟ. ಮೊಬೈಲ್ ಇದ್ದವರು ಫ್ಲಾಶ್ ಮಾತ್ರ ಹಾಕಬೇಡಿ, ಹಳೆಯ ಬಣ್ಣಕ್ಕೆ ಜೋರು ಬೆಳಕು ಒಳ್ಳೆಯದಲ್ಲ.

ಬರೆದವರು ಯಾರು?

ಇಷ್ಟೆಲ್ಲ ಬರೆದವರ ಹೆಸರು ಮಂಟಪದಲ್ಲಿ ಎಲ್ಲೂ ಇಲ್ಲ. ಕಾಲದ ವಿಷಯದಲ್ಲೂ ಪಂಡಿತರ ನಡುವೆ ಒಮ್ಮತವಿಲ್ಲ. ವಿಜಯನಗರದ ಕಾಲದ್ದೇ ಎಂದು ಕೆಲವರು, ಈಗ ಕಾಣುವ ಚಿತ್ರಗಳು 18-19ನೇ ಶತಮಾನದ ಹೊತ್ತಿಗೆ ಮತ್ತೆ ಬರೆದವು ಎಂದು ಕೆಲವರು. ವಾದ ಯಾವ ಕಡೆಗೆ ತೀರ್ಮಾನವಾದರೂ ಒಂದು ಮಾತು ಸ್ಪಷ್ಟ. ಪಟ್ಟಣ ಹಾಳಾದ ಮೇಲೂ ಇಲ್ಲಿ ಪೂಜೆ ನಿಲ್ಲಲಿಲ್ಲ, ಕುಂಚ ಹಿಡಿಯುವ ಕೈಗಳೂ ಪೂರಾ ಇಲ್ಲವಾಗಲಿಲ್ಲ.

ವಿಜಯನಗರದ ಕಾಲದ ಬಣ್ಣ ನಿಸ್ಸಂದೇಹವಾಗಿ ನೋಡಬೇಕಾದರೆ ಕರ್ನಾಟಕದ ಗಡಿ ದಾಟಿದರೆ ಸಿಗುವ ಲೇಪಾಕ್ಷಿಗೆ ಹೋಗಬೇಕು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಸ್ಥಾನದ ಸೂರಿನಲ್ಲಿ ಚಿತ್ರಗಳಿವೆ. ಅಲ್ಲಿನ ಹೆಂಗಸರ ಸೀರೆಯ ಅಂಚು, ಹೂಬಳ್ಳಿ, ಹಂಸದ ವಿನ್ಯಾಸಗಳನ್ನು ನೋಡಿ ಈಗಿನ ನೇಕಾರರೂ ನಕಲು ತೆಗೆಯುತ್ತಾರೆ. ಅಂಗಡಿಯಲ್ಲಿ ನೀವು ಆರಿಸಿಕೊಂಡ ಸೀರೆಯ ಅಂಚು 500 ವರ್ಷದ ಹಿಂದಿನ ಯಾವುದೋ ಚಿತ್ರಗಾರನದ್ದಾಗಿದ್ದರೆ ಆಶ್ಚರ್ಯವಿಲ್ಲ. ಅಲ್ಲೂ ಕಟ್ಟಿಸಿದವರ ಹೆಸರಿದೆ, ಬರೆದವರದ್ದಿಲ್ಲ.

ಹಂಪಿಯಿಂದ ಹೊಳೆ ದಾಟಿ ಕೊಪ್ಪಳದ ಕಡೆ ಹೋದರೆ ಕಿನ್ನಾಳ ಅಂತ ಊರು. ಮರದ ಗೌರಿ, ಗರುಡ, ಬೊಂಬೆ, ಪಲ್ಲಕ್ಕಿ ಮಾಡಿ ಬಣ್ಣ ಹಾಕುವ ಚಿತ್ರಗಾರ ಮನೆತನಗಳು ಅಲ್ಲಿವೆ. ನಮ್ಮ ಹಿರಿಯರೇ ವಿರೂಪಾಕ್ಷನ ಸೂರಿಗೆ ಬಣ್ಣ ಬರೆದವರು ಎಂಬುದು ಅವರ ಮನೆಗಳಲ್ಲಿ ನಡೆದುಬಂದ ನಂಬಿಕೆ. ಅವರ ಕೆಲಸದ ಸಾಮಾನು ಕೇಳಿದರೆ ನಮ್ಮ ಅಡಿಗೆಮನೆಯೇ ನೆನಪಾಗುತ್ತದೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರಿಗೆ ಹುಣಸೆಬೀಜದ ಅಂಟು ಕಲಸಿ 'ಕಿಟ್ಟ' ಮಾಡುತ್ತಾರೆ. ಅದನ್ನು ಮೆತ್ತಿ ನಯ ಮಾಡಿ, ಮೇಲೆ ಬಣ್ಣ. ಹುಳಿ ಹಿಂಡಿ ನಾವು ಬಿಸಾಡುವ ಹುಣಸೆಬೀಜದಿಂದ ದೇವರ ಮೈ ನುಣುಪಾಗುತ್ತದೆ! ಕಿನ್ನಾಳದ ಬೊಂಬೆಗಳಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಗೌರಿಹಬ್ಬಕ್ಕೋ ದಸರೆಯ ಗೊಂಬೆ ಕೂಡಿಸಲಿಕ್ಕೋ ಪ್ಲಾಸ್ಟಿಕ್ಕಿನದು ತರುವ ಬದಲು ಅಲ್ಲಿಯದೊಂದನ್ನು ತರಬಾರದೇಕೆ?

ರಾಣಿಯರು ನೋಡಿದ ಚಿತ್ರಗಳು

ಮಹಾನವಮಿ ದಿಬ್ಬದ ಹತ್ತಿರ, ಅರಮನೆಯ ಆವರಣದಲ್ಲಿ ಈಗ ಬರೀ ತಳಪಾಯ. ಬಿಸಿಲಿಗೆ ಕಲ್ಲು ಕಾಯುತ್ತಿರುತ್ತದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಅರಮನೆಯ ಒಂದು ಭಾಗ ನೋಡಿ ಬರೆದಿಟ್ಟ ಸಂಗತಿ ಕೇಳಿ. ಅಲ್ಲಿ ಬೇರೆ ಬೇರೆ ದೇಶದ ಜನ ಹೇಗೆ ಬಾಳುತ್ತಾರೆ ಎಂಬುದನ್ನು ಚಿತ್ರದಲ್ಲಿ ಬರೆಸಿದ್ದರಂತೆ. ಪೋರ್ಚುಗೀಸರೂ ಇದ್ದರು, ಕುರುಡರೂ ಭಿಕ್ಷುಕರೂ ಇದ್ದರು. ಯಾತಕ್ಕೆ? ಹೊರಗೆ ಹೋಗದ ರಾಣಿಯರಿಗೆ ಲೋಕದ ರೀತಿ ತಿಳಿಯಲಿ ಅಂತ!

ಈ ಮಾತು ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಅಷ್ಟು ದೊಡ್ಡ ಸಾಮ್ರಾಜ್ಯದ ರಾಣಿ, ಮೈತುಂಬ ಚಿನ್ನ, ಆದರೆ ಲೋಕ ಮಾತ್ರ ಗೋಡೆಯ ಮೇಲಿನದು. ಆ ಗೋಡೆಗೆ ಲೋಕವನ್ನು ತಂದುಕೊಟ್ಟವನು ಒಬ್ಬ ಹೆಸರಿಲ್ಲದ ಚಿತ್ರಗಾರ. ನಮ್ಮ ಅಜ್ಜಿಯರಿಗೆ ಹರಿಕಥೆ, ನಮ್ಮ ಅಮ್ಮಂದಿರಿಗೆ ರೇಡಿಯೋ ಮಾಡಿದ ಕೆಲಸವನ್ನು ಅವನ ಕುಂಚ ಮಾಡಿತು.

ಹಾಗಂತ ಅಂತಃಪುರದವರು ಬರೀ ಕೂತು ನೋಡುತ್ತಿದ್ದರು ಅಂದುಕೊಳ್ಳಬೇಡಿ. 1530ರ ದಶಕದ ಇನ್ನೊಬ್ಬ ಪೋರ್ಚುಗೀಸ, ಫೆರ್ನಾವೊ ನುನಿಜ್, ಅರಮನೆಯ ಒಳಗಿನ ಲೆಕ್ಕಪತ್ರ ಬರೆಯುವ ಹೆಂಗಸರು, ಜ್ಯೋತಿಷ್ಯ ಹೇಳುವವರು, ವಾದ್ಯ ನುಡಿಸುವವರು, ಕುಸ್ತಿ ಆಡುವವರು ಕೂಡ ಇದ್ದರು ಎನ್ನುತ್ತಾನೆ.

1565ರ ರಕ್ಕಸತಂಗಡಿ ಯುದ್ಧದ ನಂತರ ಪಟ್ಟಣ ಹಾಳಾಯಿತು. ಅರಮನೆಯ ಚಿತ್ರ ಹೋಯಿತು. ಕಲಾವಿದರು ಅನ್ನ ಹುಡುಕಿಕೊಂಡು ದಿಕ್ಕಿಗೊಬ್ಬರಾದರು. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಕೆಲವರಿಗೆ ಆಶ್ರಯ ಕೊಟ್ಟರು, ಅಲ್ಲಿಂದಲೇ ಮೈಸೂರು ಶೈಲಿಯ ಚಿತ್ರ ಬೆಳೆಯಿತು ಎಂದು ಹೇಳುತ್ತಾರೆ. ತಂಜಾವೂರಿನ ಚಿತ್ರಕ್ಕೂ ಇದೇ ಬೇರು. ಪೂಜಾಕೋಣೆಯಲ್ಲಿ ಚಿನ್ನದ ರೇಕಿನ ಲಕ್ಷ್ಮಿಯ ಪಟ ಇದ್ದವರು ಈ ಮಾತು ನೆನಪಿಡಿ.

ಓದುವ ತಿರುಮಲಾಂಬೆ

ವಿಜಯವಿಠ್ಠಲ ದೇವಸ್ಥಾನದಲ್ಲಿ ಕಲ್ಲಿನ ರಥದ ಮುಂದೆ ಯಾವಾಗಲೂ ಜಾತ್ರೆ. ಅದೇ ಆವರಣಕ್ಕೆ ಸೇರಿದ ಒಂದು ಶಾಸನದ ಕಥೆ ಬಹಳ ಜನಕ್ಕೆ ತಿಳಿಯದು. 1533ರಲ್ಲಿ ಅಚ್ಯುತರಾಯ 'ಸುವರ್ಣಮೇರು' ಎಂಬ ದೊಡ್ಡ ದಾನ ಮಾಡಿದ. ಅದನ್ನು ಹೊಗಳುವ ಸಂಸ್ಕೃತ ಪದ್ಯ ರಚಿಸಿದವಳು ಒಬ್ಬ ಹೆಂಗಸು, ಓದುವ ತಿರುಮಲಾಂಬೆ. ಹೆಸರಿನ ಹಿಂದಿನ ಆ 'ಓದುವ' ಎಂಬ ಅಚ್ಚಕನ್ನಡ ಮಾತು ನೋಡಿ! ಇಂಥವರ ಮಗಳು, ಇಂಥವರ ಹೆಂಡತಿ ಅಂತ ಅಲ್ಲ, ಓದುವವಳು ಅಂತಲೇ ಗುರುತು. ಸೂರಿನ ಚಿತ್ರಗಾರನಿಗೆ ಸಿಗದ ಅದೃಷ್ಟ ಇವಳಿಗೆ ಸಿಕ್ಕಿತು, ಹೆಸರು ಕಲ್ಲಿನಲ್ಲಿ ಉಳಿಯಿತು.

ಅಚ್ಯುತರಾಯನ ಮದುವೆಯ ಕಥೆ ಹೇಳುವ 'ವರದಾಂಬಿಕಾ ಪರಿಣಯ ಚಂಪೂ' ಎಂಬ ಕಾವ್ಯವನ್ನೂ ತಿರುಮಲಾಂಬೆ ಎಂಬುವಳೇ ಬರೆದಳು. ಇಬ್ಬರೂ ಒಬ್ಬಳೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ, ಅಲ್ಲ ಎನ್ನುವವರೂ ಇದ್ದಾರೆ. ಆ ಕಾವ್ಯದ ಓಲೆ ತಂಜಾವೂರಿನ ಗ್ರಂಥಭಂಡಾರದಲ್ಲಿ ಶತಮಾನಗಳ ಕಾಲ ಮಲಗಿತ್ತು. 20ನೇ ಶತಮಾನದಲ್ಲಿ ಲಕ್ಷ್ಮಣ ಸ್ವರೂಪ್ ಎಂಬ ವಿದ್ವಾಂಸರು ಅದನ್ನು ಗುರುತಿಸಿ ಅಚ್ಚಿಗೆ ತಂದರು. ಅವಳಿಗಿಂತ ಮುಂಚೆ, 14ನೇ ಶತಮಾನದಲ್ಲಿ, ಬುಕ್ಕರಾಯನ ಸೊಸೆ ಗಂಗಾದೇವಿ ತನ್ನ ಗಂಡ ಕಂಪಣನ ಮಧುರೆಯ ದಂಡಯಾತ್ರೆಯ ಮೇಲೆ 'ಮಧುರಾವಿಜಯ' ಬರೆದಳು. ಅದೂ ಬೇರೆ ಗ್ರಂಥಗಳ ಓಲೆಗಳ ನಡುವೆ ಸಿಕ್ಕಿ, 1916ರಲ್ಲಿ ತಿರುವನಂತಪುರದಲ್ಲಿ ಅಚ್ಚಾಯಿತು. ಓಲೆಗರಿಯನ್ನು ಗೆದ್ದಲು ತಿಂದಿದ್ದರೆ? ಇಬ್ಬರೂ ನಮ್ಮ ಪಾಲಿಗೆ ಹುಟ್ಟಿಯೇ ಇರುತ್ತಿರಲಿಲ್ಲ.

ಹಂಪಿಯನ್ನು ಕಂಡವರ ಕೆಲಸ ಕೂಡ ಹೀಗೇ ಮರೆತುಹೋಗಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣದ ಕಾಗದದ ಮೇಲೆ ಹಂಪಿಯ ಫೋಟೋ ತೆಗೆದಿದ್ದ. ನೂರಕ್ಕೂ ಹೆಚ್ಚು ವರ್ಷ ಅವು ಇಂಗ್ಲೆಂಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ಸುಮಾರಿಗೆ ಬೆಳಕಿಗೆ ಬಂದವು. ಯಾವ ಗೋಪುರ, ಯಾವ ಮಂಟಪ ಆಗ ಹೇಗಿತ್ತು ಅಂತ ತಿಳಿಯಲು ಇವತ್ತು ಅವೇ ಆಧಾರ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಸಂಡೂರಿನ ಸೂಜಿ

ಹೊಸಪೇಟೆಯಿಂದ ಸಂಡೂರು ಸುಮಾರು 30 ಕಿಲೋಮೀಟರು. ಮಳೆಗಾಲ ಮುಗಿದ ಮೇಲೆ ಹೋದರೆ ಗುಡ್ಡವೆಲ್ಲ ಹಸಿರು, ನಡುವೆ ಅದಿರಿನ ಕೆಂಪು ಮಣ್ಣು. ಮೇಲೆ ಕುಮಾರಸ್ವಾಮಿ ಬೆಟ್ಟ, ಪಾರ್ವತಿ ಗುಡಿ. ಊರಲ್ಲಿ ಸಂಡೂರು ಕುಶಲ ಕಲಾ ಕೇಂದ್ರವಿದೆ. ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರು ಅದಕ್ಕಾಗಿ ಕಸೂತಿ ಹಾಕುತ್ತಾರೆ.

ಲಂಬಾಣಿಗರು ಹಿಂದೆ ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರಿಂದ ಊರಿಗೆ, ದಂಡಿನ ಹಿಂದೆ ತಿರುಗಿದ ಜನ. ಮನೆಯೇ ಇಲ್ಲದ ಮೇಲೆ ಗೋಡೆಯ ಚಿತ್ರ ಎಲ್ಲಿಂದ? ಅವರ ಚಿತ್ರಶಾಲೆ ಎಲ್ಲ ಮೈಮೇಲಿನ ಬಟ್ಟೆಯಲ್ಲೇ. ಗಾಢ ಕೆಂಪು, ನೀಲಿ ಬಟ್ಟೆ, ಮೇಲೆ ಕನ್ನಡಿ, ಕವಡೆ, ನಾಣ್ಯ. ಹೊಲಿಗೆಗಳ ಹೆಸರು ಕೇಳಿ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ನಕ್ರಾ, ಪೋಟೆ, ರೇಲೋ. ಅಡ್ಡಗೆರೆ, ಚೌಕ, ತ್ರಿಕೋನ ಎಲ್ಲ ಎಳೆ ಎಣಿಸಿ ಹಾಕುವುದು, ಕಾಗದದ ನಕ್ಷೆ ಬೇಕಿಲ್ಲ. ತಾಯಿಯ ಕೈ ನೋಡಿ ಮಗಳು ಕಲಿಯುವ ವಿದ್ಯೆ.

2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ವಿಭಾಗದ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ಕಸೂತಿ ತುಣುಕುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಸಂತೋಷವೇ. ಆದರೆ ಪರ್ಸೋ ದಿಂಬಿನ ಚೀಲವೋ ಕೊಳ್ಳುವಾಗ "ಇದನ್ನು ಹಾಕಿದವರು ಯಾರಮ್ಮ?" ಅಂತ ಕೇಳುವವರು ಎಷ್ಟು ಜನ? ಕೇಳಬೇಕು. ಮತ್ತೆ, ನಾಲ್ಕು ದಿನದ ಕೆಲಸಕ್ಕೆ ನಾಲ್ಕು ರೂಪಾಯಿ ಕಡಿಮೆ ಮಾಡಿ ಅಂತ ಚೌಕಾಸಿ ಮಾಡಬಾರದು. ಕಣ್ಣು ಕೂಡಿಸಿ ಹೊಲಿಗೆ ಹಾಕಿದವರ ಕಷ್ಟ ನಮಗೆ ತಿಳಿಯದ್ದೇನಲ್ಲ.

ಕಂಪ್ಲಿಯ ದಾರಿಯಲ್ಲಿ ಒಂದು ಕಂಠ

ಕಂಪ್ಲಿ ಕೂಡ ಹೊಸಪೇಟೆಯಿಂದ ಅಷ್ಟೇ ದೂರ. ವಿಜಯನಗರದ ಕಾಲದ ಕಾಲುವೆಗಳ ನೀರು ಈ ಭಾಗದ ಬತ್ತ, ಬಾಳೆಗೆ ಈಗಲೂ ಹರಿಯುತ್ತದೆ. ಪಕ್ಕದಲ್ಲಿ ತುಂಗಭದ್ರೆ. ವಿಜಯನಗರ ಹುಟ್ಟುವ ಮೊದಲು ಇಲ್ಲಿ ಕಂಪಿಲರಾಯನ ರಾಜ್ಯವಿತ್ತು, 1327ರಲ್ಲಿ ಅದು ದೆಹಲಿಯ ಸೈನ್ಯಕ್ಕೆ ಬಿತ್ತು. ಅವನ ಮಗನೇ ಗಂಡುಗಲಿ ಕುಮಾರರಾಮ. ಪರಸ್ತ್ರೀಯರನ್ನೆಲ್ಲ ಒಡಹುಟ್ಟಿದವರಂತೆ ಕಂಡ 'ಪರನಾರಿ ಸೋದರ' ಅಂತ ಅವನನ್ನು ನಮ್ಮ ಜನ ಇನ್ನೂ ನೆನೆಯುತ್ತಾರೆ.

ಆ ಕಥೆಯನ್ನು ಬಾಯಿಯಲ್ಲಿ ಉಳಿಸಿದವರಲ್ಲಿ ಒಬ್ಬಾಕೆ ಈ ಸೀಮೆಯ ದರೋಜಿಯ ಈರಮ್ಮ. ಬುಡ್ಗ ಜಂಗಮ ಸಮುದಾಯದವರು, 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿತವರಲ್ಲ. ಆದರೆ ಬುರ್ರಕಥೆಯ 12 ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು, ಕುಮಾರರಾಮನದೂ ಅವುಗಳಲ್ಲಿ ಒಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ವಿದ್ವಾಂಸರು ಕೂತು ಅವರ ಹಾಡು ಬರೆದುಕೊಂಡರು, ಪುಸ್ತಕಗಳಾದವು. ವಿರೂಪಾಕ್ಷನ ಸೂರು ಬರೆದವನ ಹತ್ತಿರ ಯಾರೂ ಹೀಗೆ ಕೂತು ಹೆಸರು ಕೇಳಿಕೊಂಡಿರಲಿಲ್ಲ, ಈರಮ್ಮನ ಹತ್ತಿರ ಕೂತರು. ವ್ಯತ್ಯಾಸ ಇಷ್ಟೇ.

ನಮ್ಮ ಕೈಯಲ್ಲೇನಿದೆ?

ಕಲಾವಿದರ ಹೆಸರು ಉಳಿಯುವುದು ಯಾರೋ ಒಬ್ಬರು ಬರೆದಿಟ್ಟಾಗ. ಇಟಲಿಯಲ್ಲಿ 1550ರಲ್ಲೇ ಜಾರ್ಜಿಯೊ ವಸಾರಿ ಎಂಬಾತ ತನ್ನ ನಾಡಿನ ಚಿತ್ರಗಾರರ ಜೀವನಚರಿತ್ರೆಯ ಪುಸ್ತಕ ಅಚ್ಚು ಹಾಕಿಸಿದ, ಅದಕ್ಕೇ ಅವರನ್ನೆಲ್ಲ ಇವತ್ತು ಲೋಕ ಬಲ್ಲದು. ನಮ್ಮ ಹಂಪಿಗೆ ಅಂಥ ವಸಾರಿ ಸಿಗಲಿಲ್ಲ.

ಉಕ್ರೇನ್ ದೇಶದ ಒಂದು ಹಳ್ಳಿಯಲ್ಲಿ ಮರಿಯಾ ಪ್ರಿಮಚೆಂಕೊ ಎಂಬಾಕೆ ಇದ್ದಳು. 1909ರಲ್ಲಿ ಹುಟ್ಟಿದ ರೈತರ ಮಗಳು. ತಾಯಿಯಿಂದ ಕಸೂತಿ ಕಲಿತು, ಆಮೇಲೆ ಬಣ್ಣ ಹಿಡಿದು ಹೂವು, ವಿಚಿತ್ರ ಮೃಗಗಳ ಚಿತ್ರ ಬರೆದಳು. 2022ರ ಯುದ್ಧದಲ್ಲಿ ಆಕೆಯ ಚಿತ್ರಗಳಿದ್ದ ಇವಾಂಕಿವ್ ಊರಿನ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದಾಗ ಊರಿನವರೇ ಒಳಗೆ ನುಗ್ಗಿ ಚಿತ್ರಗಳನ್ನು ಹೊರಗೆ ತಂದರು. ಅವಳು ತಮ್ಮವಳು ಅಂತ ಆ ಜನಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಯಾರು ಉಳಿಸುತ್ತಾರೆ?

ಆದ್ದರಿಂದ ಸೋದರಿಯರೇ, ಮುಂದಿನ ರಜೆಗೆ ಹೊರಡುವಾಗ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಹಂಪಿ, ಬೆಳಗಿನ ಬೆಳಕಿನಲ್ಲೇ ವಿರೂಪಾಕ್ಷ, ಸಂಜೆ ವಿಠ್ಠಲ. ಎರಡನೆಯ ದಿನ ಸಂಡೂರು ಇಲ್ಲವೇ ಕಂಪ್ಲಿ, ಬಿಡುವಿದ್ದರೆ ಕಿನ್ನಾಳ. ಬುತ್ತಿಗೆ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸಾಕು, ಎರಡು ದಿನ ಕೆಡುವುದಿಲ್ಲ. ಮೊಸರನ್ನು ಮಾತ್ರ ಮೊದಲ ದಿನವೇ ಮುಗಿಸಿ. ಬಾಳೆಹಣ್ಣು ಚೀಲದ ಒಳಗಿರಲಿ, ಹಂಪಿಯ ಮಂಗಗಳಿಗೆ ನಾಚಿಕೆ ಇಲ್ಲ! ಕಂಬ, ಗೋಡೆ, ಚಿತ್ರ ಯಾವುದನ್ನೂ ಮುಟ್ಟದ ಹಾಗೆ ಮಕ್ಕಳಿಗೆ ಮೊದಲೇ ಹೇಳಿಡಿ.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ. ನಿಮ್ಮ ಅಜ್ಜಿ ಹೊಲಿದ ಕೌದಿ, ಅತ್ತೆ ಹಾಕಿದ ಕಸೂತಿ, ಅಮ್ಮ ಬರೆದಿಟ್ಟ ರಂಗೋಲಿಯ ಪುಸ್ತಕ ಇದ್ದೇ ಇರುತ್ತದೆ. ಒಂದು ಚೀಟಿಯಲ್ಲಿ ಹೆಸರು, ಊರು, ವರ್ಷ ಬರೆದು ಅದರ ಮಡಿಕೆಯಲ್ಲಿಡಿ. ಐದು ನಿಮಿಷದ ಕೆಲಸ. ನಾಳೆ ಮೊಮ್ಮಗಳು ಕೌದಿ ಬಿಡಿಸಿ "ಇದು ಯಾರು ಮಾಡಿದ್ದು?" ಅಂತ ಕೇಳಿದರೆ ಉತ್ತರ ಅದರೊಳಗೇ ಇರಲಿ.